ಮಾವನ ಕಣ್ಣು ಬಿದ್ದ ಕಡೆ

ನನ್ನ ಮಾವ ಯಾರ ಮೇಲೂ ಕೈ ಎತ್ತಿದವರಲ್ಲ. ಎತ್ತುವ ಅಗತ್ಯವೇ ಬೀಳಲಿಲ್ಲ, ಅವರಿಗೆ ಕಣ್ಣಿತ್ತು. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಬಸ್ಸು ಹತ್ತಿ, ಕಂಬಿ ಹಿಡಿದು ನಿಂತು, ಯಾರನ್ನೂ ಏನೂ ಕೇಳದೆ ಮುಖಗಳ ಮೇಲೆ ಒಂದು ಸಲ ಕಣ್ಣಾಡಿಸುತ್ತಿದ್ದರಂತೆ. ಟಿಕೆಟ್ ಇಲ್ಲದವನು ತಾನಾಗಿಯೇ ಬೆವರಿಕೊಂಡು ಎದ್ದು ನಿಲ್ಲುತ್ತಿದ್ದನಂತೆ. ಮದುವೆಯಾಗಿ ಬಂದ ಹೊಸದರಲ್ಲೇ ಈ ಕತೆಯನ್ನು ಅತ್ತೆ ಹೇಳಿದರು, ಗಂಡ ಹೇಳಿದ, ಗಂಡನ ಅಕ್ಕ ಹೇಳಿದಳು. ಹೇಳುವಾಗ ಎಲ್ಲರೂ ದನಿ ತಗ್ಗಿಸುತ್ತಿದ್ದರು, ಅವರು ಮನೆಯಲ್ಲಿ ಇಲ್ಲದಿದ್ದಾಗಲೂ.

ಅದೇ ವಿದ್ಯೆಯನ್ನು ಮಾವ ಮನೆಗೂ ತಂದಿದ್ದರು. ಏನಾದರೂ ಒಡೆದರೆ, ಕಳೆದುಹೋದರೆ, ನಲ್ಲಿ ತೆರೆದಿಟ್ಟು ನೀರು ಹರಿದುಹೋದರೆ, ಎಲ್ಲರನ್ನೂ ನಡುಮನೆಯಲ್ಲಿ ಸಾಲಾಗಿ ನಿಲ್ಲಿಸುವುದು. ಬೈಗುಳವಿಲ್ಲ, ಪ್ರಶ್ನೆಯಿಲ್ಲ. ಸಾಲಿನ ಈ ತುದಿಯಿಂದ ಆ ತುದಿಗೆ ನೋಟ ಹರಿಸಿ ಒಬ್ಬರ ಮೇಲೆ ನಿಲ್ಲಿಸುವುದು, ಅವರು ಬಾಯಿ ಬಿಡುವವರೆಗೂ ತೆಗೆಯದಿರುವುದು. "ಅಪ್ಪನ ಕಣ್ಣು ಒಂದ್ಸಲಾನೂ ತಪ್ಪಿಲ್ಲ" ಎಂದು ನನ್ನ ಗಂಡ ಹೆಮ್ಮೆಯಿಂದ ಹೇಳುತ್ತಿದ್ದ. ತಪ್ಪುವುದಾದರೂ ಹೇಗೆ? ಆ ಕಣ್ಣಿನ ಮುಂದೆ ನಿಲ್ಲಿಸಿದರೆ ಮನೆಯ ಕಂಬವೂ ತಪ್ಪೊಪ್ಪಿಕೊಂಡೀತು.

ಕಣ್ಣಿನ ವಿಷಯ ನನಗೂ ಅಷ್ಟಿಷ್ಟು ಗೊತ್ತು, ಅದು ನನ್ನ ಹೊಟ್ಟೆಪಾಡು. ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಅಂಗಡಿಗಳಿಗೆ ಬ್ಯಾನರು, ಕರಪತ್ರ ಮಾಡಿಕೊಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಾಸಿಗೆ ಅಂಗಡಿಯ ಬ್ಯಾನರು ಮಾಡಿದ್ದೆ. ನಗುವ ಹೆಂಗಸಿನ ದೊಡ್ಡ ಮುಖ, ಪಕ್ಕದಲ್ಲಿ ಹಾಸಿಗೆ. ಪ್ರೆಸ್ಸಿನ ಯಜಮಾನರು ನೋಡಿ ಹಣೆ ಹಣೆ ಚಚ್ಚಿಕೊಂಡರು.

"ಈಯಮ್ಮ ನನ್ನ ನೋಡ್ತಿದಾಳೆ, ನಾನು ಈಯಮ್ಮನ್ನ ನೋಡ್ತಿದೀನಿ. ಹಾಸಿಗೆ ಯಾರಮ್ಮ ನೋಡ್ತಾರೆ? ಅವಳ ಕಣ್ಣು ಹಾಸಿಗೆ ಕಡೆ ತಿರುಗ್ಸು. ಊರೆಲ್ಲ ಹಾಸಿಗೆ ನೋಡುತ್ತೆ."

ಕಣ್ಣಿನ ಗುಡ್ಡೆಗಳನ್ನು ಕತ್ತರಿಸಿ ಚೂರೇ ಚೂರು ಪಕ್ಕಕ್ಕೆ ಸರಿಸಿದೆ. ಆಮೇಲೆ ಆ ಚಿತ್ರ ತೆರೆದಾಗೆಲ್ಲ ನನಗೇ ಮೊದಲು ಕಂಡದ್ದು ಹಾಸಿಗೆ, ಸರಿಸಿದವಳು ನಾನೇ ಆಗಿದ್ದರೂ. ಅಂದಿನಿಂದ ಸೋಪಾಗಲಿ, ಸೀರೆಯಾಗಲಿ, ಮಾರಬೇಕಾದ ವಸ್ತುವಿನ ಕಡೆಗೆ ಒಂದು ಮುಖ ತಿರುಗಿಸಿ ಕೂರಿಸುವುದೇ ನನ್ನ ಕಸುಬು.

ಮಾವ ಬಿದ್ದ ದಿನ ನಾನು ರಜೆ ಹಾಕಿ ಮನೆಯಲ್ಲಿದ್ದೆ, ಮಗಳಿಗೆ ಜ್ವರ ಎಂದು. ಎಂಟು ವರ್ಷದವಳು. ಹುಟ್ಟಿದಾಗ ಅಷ್ಟು ಪುಟ್ಟಗೆ, ಅಷ್ಟು ಗುಂಡಗೆ ಇದ್ದುದರಿಂದ ಎಲ್ಲರ ಬಾಯಲ್ಲೂ ಬಟಾಣಿ. ಗಂಡ ಕೆಲಸಕ್ಕೆ ಹೋಗಿದ್ದ, ಅತ್ತೆ ಪೇಟೆಗೆ. ಮಧ್ಯಾಹ್ನ ಮಾವನ ನಿದ್ದೆಯ ಹೊತ್ತು, ಪಕ್ಕದ ಕೋಣೆಯಲ್ಲಿ ಬಟಾಣಿಯ ಕೆಮ್ಮು.

"ಆ ಮಗೂಗೆ ಸ್ವಲ್ಪ ಬಾಯಿ ಮುಚ್ಚೋಕೆ ಹೇಳು" ಎಂದರು ಮಾವ.

ನನಗೆ ಪಿತ್ತ ನೆತ್ತಿಗೇರಿತು. "ಜ್ವರ ಬಂದಿರೋ ಮಗು ಮಾವ, ಕೆಮ್ಮದೆ ಇನ್ನೇನು ಮಾಡುತ್ತೆ? ಅಷ್ಟು ಕಷ್ಟ ಆದ್ರೆ ಮಹಡಿ ಮೇಲೆ ಹೋಗಿ ಮಲಗಿ!" ಅಂದೆ. ಪಕ್ಕದ ಮನೆಗೆ ಕೇಳುವಷ್ಟು ಜೋರಾಗಿಯೇ ಅಂದೆ. ಮಾವ ನನ್ನನ್ನು ಆ ಕಣ್ಣಿನಿಂದ ನೋಡಿದರು. ನಾನೂ ತಿರುಗಿ ನೋಡಿದೆ. ದಿಂಬು ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದರು.

ನಾನು ಅಡುಗೆಮನೆಯಲ್ಲಿ ಮಗಳಿಗೆ ಹಾಲು ಕಾಯಿಸುತ್ತಿದ್ದಾಗ ದಡ್ ಎಂಬ ಸದ್ದು ಕೇಳಿತು. ಓಡಿ ಬಂದೆ. ಮಾವ ಮೆಟ್ಟಿಲ ಬುಡದಲ್ಲಿ ಅಡ್ಡಡ್ಡ ಬಿದ್ದಿದ್ದರು. ಬಟಾಣಿ ಹೊದಿಕೆ ಸುತ್ತಿಕೊಂಡು ಅವರ ತಲೆಯ ಹತ್ತಿರ ನಿಂತಿದ್ದಳು.

ಆಸ್ಪತ್ರೆಯ ಡಾಕ್ಟರು ಒಳ್ಳೆಯವರು. ನನ್ನನ್ನೂ ಗಂಡನನ್ನೂ ಕೂರಿಸಿಕೊಂಡು ತಾಳ್ಮೆಯಿಂದ ಹೇಳಿದರು. ಮಿದುಳಿನ ಎಡಭಾಗದಲ್ಲಿ ರಕ್ತನಾಳ ಕಟ್ಟಿಕೊಂಡಿದೆ, ಬಲಗೈ ಬಲಗಾಲು ಹೋಗಿದೆ, ಮಾತು ಹೋಗಿದೆ.

"ಬಿದ್ದಿದ್ದಕ್ಕೆ ಹೀಗಾಗಿದ್ದಲ್ಲ. ಹೀಗಾಗಿದ್ದಕ್ಕೆ ಬಿದ್ದಿದ್ದು" ಎಂದರು. "ಇನ್ನೊಂದು ವಿಷಯ. ಕಣ್ಣು ಎರಡೂ ಎಡಕ್ಕೆ ಎಳ್ಕೊಂಡಿದೆ. ಬಲಗಡೆ ಅನ್ನೋದೇ ಈಗ ಅವರ ಪಾಲಿಗಿಲ್ಲ. ಎಡಗಡೆ ಏನಿದ್ಯೋ ಅದನ್ನೇ ದುರುಗುಟ್ಟಿ ನೋಡ್ತಿರೋ ಹಾಗೆ ನಿಮಗೆ ಕಾಣುತ್ತೆ. ಕೆಲವ್ರಿಗೆ ಸರಿಹೋಗುತ್ತೆ, ಕೆಲವ್ರಿಗೆ ಇಲ್ಲ. ಅದಕ್ಕೆ ಅರ್ಥ ಹುಡುಕೋಕೆ ಹೋಗ್ಬೇಡಿ."

ಗಂಡ ಎಲ್ಲಕ್ಕೂ ತಲೆಯಾಡಿಸಿದ. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತ, "ಡಾಕ್ಟ್ರಿಗೆ ಅಪ್ಪನ ಕಣ್ಣು ಗೊತ್ತಿಲ್ಲ" ಎಂದ.

ಮಾವನನ್ನು ಮನೆಗೆ ತಂದಾಗ ಮಂಚವನ್ನು ನಡುಮನೆಯಲ್ಲಿ ಹಾಕಿಸಿದವಳು ನಾನೇ. ಕೆಲಸದ ನಡುವೆ ಆಗಾಗ ನೋಡಲು ಆಗುವಂತೆ ಅಡುಗೆಮನೆಯ ಬಾಗಿಲಿಗೆ ಹತ್ತಿರ ಹಾಕಿಸಿದೆ. ಅವರು ಮಲಗಿದರೆ ಎಡಕ್ಕೆ ಅಡುಗೆಮನೆ, ಬಲಕ್ಕೆ ಬಂದವರು ಕೂರುವ ಸೋಫಾ. ಅಷ್ಟು ಬುದ್ಧಿವಂತೆ ನಾನು! ನನ್ನ ಗುಂಡಿಯನ್ನು ನಾನೇ ಅಳತೆ ಹಾಕಿ ತೋಡಿಕೊಂಡೆ.

ಪ್ರೆಸ್ಸಿಗೆ ಹೋಗುವುದು ಬಿಟ್ಟೆ. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಚಮಚದಲ್ಲಿ ತುತ್ತು ತುತ್ತಾಗಿ ಉಣಿಸುವುದು ಎಲ್ಲ ನನ್ನದೇ. ಯಾರೂ ನನ್ನನ್ನು ತಡೆಯಲೂ ಇಲ್ಲ, ಕೈ ಜೋಡಿಸಲೂ ಇಲ್ಲ. ಮಾವನ ಕಣ್ಣು ಬೆಳಗಿನಿಂದ ಸಂಜೆಯವರೆಗೆ ಅಡುಗೆಮನೆಯ ಬಾಗಿಲ ಮೇಲೆ. ನೋಡಲು ಬಂದವರು ಸೋಫಾದಲ್ಲಿ ಕೂತು, "ನಾನು ಬಂದಿದೀನಿ, ಗುರುತು ಸಿಕ್ತಾ?" ಅನ್ನುವರು. ಮಾವ ಅವರತ್ತ ತಿರುಗುವುದಿಲ್ಲ. ಬಂದವರು ಅವರ ಮುಖ ನೋಡುವರು, ಆಮೇಲೆ ಅವರ ಕಣ್ಣು ಹೋದ ಕಡೆ ನೋಡುವರು. ಅಲ್ಲಿ ಸೌಟು ಹಿಡಿದು ನಾನು. ಆ ಬ್ಯಾನರಿನ ಹಾಸಿಗೆ ಈಗ ನಾನಾಗಿದ್ದೆ.

ಮೊದಮೊದಲು, "ಸೊಸೆ ಮೇಲೆ ಎಷ್ಟು ಪ್ರೀತಿ ನೋಡಿ, ಕಣ್ಣೇ ಕೀಳಲ್ಲ" ಎಂದವರೂ ಉಂಟು. ಪಕ್ಕದ ಮನೆಯಾಕೆ ಬಂದು ಆ ಮಧ್ಯಾಹ್ನದ ಜಗಳವನ್ನು ಉಪ್ಪು ಖಾರ ಹಚ್ಚಿ ಹೇಳಿದ ಮೇಲೆ ಆ ಮಾತು ನಿಂತುಹೋಯಿತು. ಗಂಡನ ಅಕ್ಕ ದಿನಾ ಬರತೊಡಗಿದಳು. ಎದುರಿಗೆ ನಾನು ಅವಳನ್ನು ಅತ್ತಿಗೆ, ನೀವು, ತಾವು ಎಂದೇ ಕರೆಯುವುದು; ಮನಸ್ಸಿನೊಳಗೆ ಅಷ್ಟು ಮರ್ಯಾದೆ ಕೊಡಲು ನನ್ನಿಂದ ಆಗುವುದಿಲ್ಲ.

ಒಂದು ಸಂಜೆ ಅತ್ತೆ ಮಂಚದ ಕಾಲ ದೆಸೆಯಲ್ಲಿ ಕೂತು ಮಾವನ ಪಾದ ಸವರುತ್ತ ಕೇಳಿದರು. "ಏನೂಂದ್ರೆ, ಅವತ್ತು ಹೇಗೆ ಬಿದ್ರಿ? ನೀವಾಗೇ ಬಿದ್ರಾ, ಇಲ್ಲ ಯಾರಾದ್ರೂ...?"

ನಾನು ಆಗ ತಟ್ಟೆ ಹಿಡಿದು ಹೊರಗೆ ಬರುತ್ತಿದ್ದೆ. ಮಾವನ ಕಣ್ಣು ಎಲ್ಲಿರುತ್ತದೋ ಅಲ್ಲೇ ಇತ್ತು.

"ನೋಡಿದ್ಯಾ ಅಮ್ಮ?" ಎಂದಳು ಅತ್ತಿಗೆ. ಅತ್ತೆ ನೋಡಿದರು. ನನ್ನ ಗಂಡನೂ ನೋಡಿದ.

"ಡಾಕ್ಟ್ರು ಹೇಳಿದ್ದು ಮರೆತುಬಿಟ್ರಾ?" ಎಂದು ಅವನನ್ನೇ ಕೇಳಿದೆ. "ಬಾಗಿಲಲ್ಲಿ ಬೆಕ್ಕು ನಿಂತಿದ್ರೂ ಅವರು ಹೀಗೇ ನೋಡ್ತಿದ್ರು ರೀ!"

"ಬೆಕ್ಕು ಜಗಳ ಆಡಿರ್ಲಿಲ್ಲವಲ್ಲ" ಎಂದಳು ಅತ್ತಿಗೆ. ಕೈಯಲ್ಲಿದ್ದ ತಟ್ಟೆಯಿಂದಲೇ ಒಂದು ಬಾರಿಸಬೇಕು ಅನ್ನಿಸಿತು, ಹಲ್ಲು ಕಚ್ಚಿ ಒಳಗೆ ಹೋದೆ.

ಆಮೇಲೆ ಗಂಡ ನಾನು ಬಡಿಸಿದ ತಟ್ಟೆಯನ್ನು ನೋಡುತ್ತ ಕೂರುವನು, ಉಣ್ಣುವುದಿಲ್ಲ. ಒಂದು ದಿನ ಅನ್ನ ಕಲೆಸುತ್ತ ಕೇಳಿದ. "ನೀನು ಅವತ್ತು ಮೆಟ್ಟಿಲ ಹತ್ರ ಬಂದಿರ್ಲಿಲ್ಲ ಅಲ್ವಾ?" ಇಲ್ಲವೆಂದೆ. ಸರಿ ಎಂದ. ಮತ್ತೆ ಮರುದಿನ ಅದನ್ನೇ ಕೇಳಿದ. ಹನ್ನೊಂದು ವರ್ಷ ಪಕ್ಕದಲ್ಲಿ ಮಲಗಿದ ಹೆಂಡತಿಯ ಬಾಯಿಮಾತಿಗಿಂತ ಮಾತು ಬಾರದ ಎರಡು ಗುಡ್ಡೆಗಳ ಮೇಲೆ ಅವನಿಗೆ ನಂಬಿಕೆ. ನನಗೆ ಅವನ ಮೇಲೆ ಸಿಟ್ಟಿಗಿಂತ ಹೇಸಿಗೆ ಬಂತು.

ಆ ಭಾನುವಾರ ಎಲ್ಲರೂ ನಡುಮನೆಯಲ್ಲಿ ಸೇರಿದರು. ತೀರ್ಮಾನ ಮೊದಲೇ ಆಗಿತ್ತು, ನನಗೆ ಓದಿ ಹೇಳುವುದಷ್ಟೇ ಬಾಕಿ. ಆ ಕೆಲಸ ಅತ್ತಿಗೆಯ ಪಾಲಿಗೆ ಬಂದಿತ್ತು.

"ನೀನು ನಿಮ್ಮಣ್ಣನ ಮನೆಗೆ ಹೋಗು. ಪೊಲೀಸು ಗಿಲೀಸು ಅಂತ ನಾವೇನೂ ಹೋಗಲ್ಲ, ಮನೆ ಮರ್ಯಾದೆ ಪ್ರಶ್ನೆ. ಮಗು ಇಲ್ಲೇ ಇರ್ಲಿ, ಸ್ಕೂಲಿದೆ."

"ಮಗು ನನ್ನದು" ಎಂದೆ.

"ನಮ್ಮ ಮನೇದೂ ಹೌದು. ಇಂಥ ಕೈಗೆ ಹೇಗೆ ಕೊಡೋದು?"

ಸೋಫಾದ ಮೂಲೆಯಲ್ಲಿ ಅತ್ತಿಗೆಯ ಬೆನ್ನ ಹಿಂದೆ ಒತ್ತಿಕೊಂಡು ಬಟಾಣಿ ಕೂತಿದ್ದಳು, ಬಳಪದಲ್ಲಿ ಏನೋ ಬಣ್ಣ ತುಂಬುತ್ತ. ತಲೆ ಎತ್ತದಿದ್ದರೂ ಅವಳ ಕೈ ನಿಂತದ್ದು ನನಗೆ ಕಂಡಿತು. ಗಂಡ ನೆಲ ನೋಡುತ್ತಿದ್ದ. ಕೂಗಾಡಿದರೆ ಅದೂ ಸಾಕ್ಷಿಯಾಗುತ್ತದೆಂದು ಗೊತ್ತಿತ್ತು. ಆಗ ಹೊಳೆಯಿತು.

"ಮಂಚ ತಿರುಗಿಸೋಣ" ಎಂದೆ. "ತಲೆ ಇರೋ ಕಡೆ ಕಾಲು, ಕಾಲಿರೋ ಕಡೆ ತಲೆ. ನಾನು ಅಡುಗೆಮನೆ ಬಾಗಿಲಲ್ಲೇ ನಿಂತ್ಕೋತೀನಿ. ಆಗ್ಲೂ ಮಾವ ಕತ್ತು ತಿರುಗಿಸಿ ನನ್ನನ್ನೇ ಹುಡುಕಿದ್ರೆ, ಒಂದು ಮಾತೂ ಆಡದೆ ಹೊರಟುಹೋಗ್ತೀನಿ. ಹುಡುಕ್ದೇ ಇದ್ರೆ ಈ ವಿಷಯ ಇಲ್ಲಿಗೆ ಮುಗೀಬೇಕು."

ಗಂಡ ಅಕ್ಕನ ಮುಖ ನೋಡಿದ. ಕೊನೆಗೆ ಅತ್ತೆಯೇ, "ಮಾಡಿ. ನನಗೂ ನೋಡ್ಬೇಕು" ಎಂದರು.

ಗಂಡನೂ ನಾನೂ ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ಮಂಚವನ್ನು ಎಳೆದು ತಿರುಗಿಸಿದೆವು. ಮಂಚದ ಕಾಲು ನೆಲಕ್ಕೆ ಕಿರ್‍ರೆಂದು ಉಜ್ಜಿತು. ಮಾವನ ತಲೆ ದಿಂಬಿನ ಮೇಲೆ ಅತ್ತಿತ್ತ ತೂಗಾಡಿತು. ನಾನು ಹೋಗಿ ಬಾಗಿಲಲ್ಲಿ ನಿಂತೆ, ಈಗ ಅವರ ಬಲಗಡೆ.

ಮಾವ ನನ್ನತ್ತ ತಿರುಗಲಿಲ್ಲ. ನಾನು ಕೆಮ್ಮಿದೆ, "ಮಾವ" ಎಂದು ಕರೆದೆ, ಚಮಚವನ್ನು ತಟ್ಟೆಗೆ ಬಡಿದೆ. ಅವರ ಪಾಲಿಗೆ ಬಾಗಿಲೂ ಇರಲಿಲ್ಲ, ನಾನೂ ಇರಲಿಲ್ಲ. ಕಣ್ಣು ಎಂದಿನಂತೆ ಎಡಕ್ಕೆ ಸರಿದು ಸೋಫಾದ ಮೇಲೆ ನಿಂತಿತು. ಅಲ್ಲಿ ಅತ್ತಿಗೆ.

"ಅಯ್ಯೋ, ನನ್ನನ್ಯಾಕೆ ನೋಡ್ತಾರೆ?" ಎಂದಳು. ಮುಖ ಬಿಳಿಚಿತು. "ನಾನವತ್ತು ಈ ಮನೇಲೇ ಇರ್ಲಿಲ್ಲ! ಅಮ್ಮ, ನೀನೇ ಹೇಳು!"

ನನಗೆ ನಗು ಒತ್ತರಿಸಿ ಬಂತು. ಎಷ್ಟೋ ದಿನಗಳ ಮೇಲೆ ಬಂದ ನಗು. "ನೋಡಿದ್ರಾ ರೀ? ಯಾರು ಎಡಗಡೆ ಕೂತ್ರೆ ಅವರು, ಅಷ್ಟೇ" ಎಂದೆ. ಗಂಡ ನನ್ನ ಕಡೆ ನೋಡಿದ. ಅವನ ಹುಬ್ಬಿನ ಗಂಟು ಸಡಿಲವಾಗಿತ್ತು. ಬಾಯಿ ತೆರೆದು ಏನೋ ಹೇಳಲಿದ್ದ. ಗೆದ್ದೆ ಅಂದುಕೊಂಡೆ.

ಅತ್ತಿಗೆಗೆ ಆ ಕಣ್ಣಿನ ಮುಂದೆ ಒಂದು ಕ್ಷಣವೂ ಕೂರಲು ಆಗಲಿಲ್ಲ. ಕೆಂಡ ತುಳಿದವಳಂತೆ ಎದ್ದು ಗೋಡೆಯ ಕಡೆ ಸರಿದಳು. ಅವಳು ಎದ್ದಾಗ ಹಿಂದೆ ಇದ್ದ ಬಟಾಣಿ ಕಂಡಳು, ಮಡಿಲಲ್ಲಿ ಬಳಪ ಹಿಡಿದುಕೊಂಡು. ಮಾವನ ಕಣ್ಣು ಅಲ್ಲಾಡಲಿಲ್ಲ. ಮೊದಲು ಎಲ್ಲಿತ್ತೋ ಅಲ್ಲೇ ಇತ್ತು, ಆದರೆ ಈಗ ಅಲ್ಲಿ ನನ್ನ ಮಗಳಿದ್ದಳು.

ಅತ್ತೆಯ ತಲೆ ನಿಧಾನಕ್ಕೆ ಆ ಕಡೆ ತಿರುಗಿತು, ಆಮೇಲೆ ಗಂಡನದು. ಗೋಡೆಗೆ ಒರಗಿದ್ದ ಅತ್ತಿಗೆಗೆ ಹೋದ ಜೀವ ಬಂದಂತಾಯಿತು.

"ಅವತ್ತು ಇವಳೂ ಮನೇಲಿದ್ಲು ಅಲ್ವಾ?" ಎಂದಳು.

"ಬಾಯಿ ಮುಚ್ಚಿ ಅತ್ತಿಗೆ!" ಎಂದು ಕಿರುಚಿದೆ. "ಈಗ ತಾನೆ ನಿಮ್ಮನ್ನ ನೋಡ್ಲಿಲ್ವಾ?"

"ನನ್ನನ್ನಲ್ಲ. ನನ್ನ ಹಿಂದಿದ್ದ ಇವಳನ್ನ. ನಾನು ಅಡ್ಡ ಕೂತಿದ್ದೆ ಅಷ್ಟೇ. ಮಗು ಕೆಮ್ಮಿದ್ದಕ್ಕೆ ತಾನೆ ಅಪ್ಪ ಬೈದಿದ್ದು? ಮಕ್ಕಳಿಗೂ ಸಿಟ್ಟು ಬರುತ್ತೆ."

"ಅಲ್ಲ ಕಣೇ, ಮಗು ಅದು" ಎಂದರು ಅತ್ತೆ. ಹಾಗೆಂದರೂ ಕಣ್ಣು ಮಗುವಿನ ಮೇಲಿಂದ ತೆಗೆಯಲಿಲ್ಲ.

ಗಂಡ ಸೋಫಾದ ಮುಂದೆ ಮಂಡಿಯೂರಿ ಕೂತ. ಮಗಳ ಎರಡೂ ಕೈ ಹಿಡಿದುಕೊಂಡ. ದನಿ ಮೆತ್ತಗಿತ್ತು, ಅದಕ್ಕೇ ನನಗೆ ಹೆಚ್ಚು ಭಯವಾಯಿತು. "ಬಟಾಣಿ, ತಾತ ಯಾಕಮ್ಮ ನಿನ್ನನ್ನ ನೋಡ್ತಿದಾರೆ? ಅವತ್ತು ನೀನೇನಾದ್ರೂ ಮೆಟ್ಟಿಲ ಹತ್ರ ಹೋಗಿದ್ಯಾ? ಹೇಳು ಕಂದ, ಹೊಡೆಯಲ್ಲ. ತಾತ ಸುಮ್‌ಸುಮ್ನೆ ಯಾರನ್ನೂ ನೋಡಲ್ಲ."

ಇಲ್ಲಿ ನನ್ನದೊಂದು ಮಾತು ಹೇಳಲೇಬೇಕು. ಡಾಕ್ಟರ ಮಾತನ್ನು ಆ ಮನೆಯಲ್ಲಿ ನಂಬಿದವಳು ನಾನೊಬ್ಬಳೇ. ಕಣ್ಣು ಎತ್ತ ತಿರುಗಿದರೆ ಜನ ಅತ್ತ ತಿರುಗುತ್ತಾರೆಂಬುದು ನನಗೆ ಅನ್ನ ಕೊಡುವ ವಿದ್ಯೆ. ಆದರೂ ಮಾವನ ಆ ಮುಖ, ಆ ಹುಬ್ಬು, ಅಲುಗದ ಆ ನೋಟ, ಅದರ ತುದಿಯಲ್ಲಿ ನನ್ನ ಮಗಳು. ನನ್ನ ತಲೆ ನನ್ನ ಮಾತು ಕೇಳದೆ ತಿರುಗಿತು. ಅವಳನ್ನು ನೋಡಿದೆ. ಸದ್ದು ಕೇಳಿ ನಾನು ಓಡಿ ಬಂದಾಗ ಇವಳು ಆಗಲೇ ಅಲ್ಲಿ ನಿಂತಿದ್ದಳಲ್ಲ ಎಂದುಕೊಂಡೆ. ಅವಳ ಕೋಣೆಗಿಂತ ಅಡುಗೆಮನೆಯೇ ಮೆಟ್ಟಿಲಿಗೆ ಹತ್ತಿರ. ನನಗಿಂತ ಮೊದಲು ಹೇಗೆ ಬಂದಳು?

ಬಟಾಣಿ ಅಪ್ಪನ ಮುಖ ನೋಡಿದಳು. ಅಜ್ಜಿಯ ಮುಖ ನೋಡಿದಳು. ತಾತನನ್ನು ನೋಡಿ ಸಟ್ಟನೆ ಕಣ್ಣು ತಗ್ಗಿಸಿದಳು. ಕಟ್ಟಕಡೆಗೆ ನನ್ನ ಕಡೆ ತಿರುಗಿದಳು, ಅಮ್ಮನಾದರೂ ಇದ್ದಾಳೆಂದು. ನಾನು ಅವಳನ್ನು ಅವರೆಲ್ಲ ನೋಡುತ್ತಿದ್ದ ಹಾಗೆಯೇ ನೋಡುತ್ತಿದ್ದೆ. ಅದು ಅವಳಿಗೆ ಗೊತ್ತಾಯಿತು. ಗೊತ್ತಾದದ್ದು ನನಗೂ ಕಾಣಿಸಿತು. ನಾನು ಸತ್ತರೂ ಆ ಮುಖ ಮರೆಯುವುದಿಲ್ಲ.

ಅವಳು ಮತ್ತೆ ಅಪ್ಪನ ಕಡೆ ತಿರುಗಿದಳು. "ನಾನು..." ಎಂದಳು. "ಅಪ್ಪ, ನಾನು..."

ಅವಳಿಗೆ ಏನೂ ಗೊತ್ತಿರಲಿಲ್ಲ. ಅಷ್ಟು ಕಣ್ಣುಗಳು ಏನು ಕೇಳುತ್ತಿದ್ದವೋ ಅದನ್ನು ಕೊಟ್ಟು ಪಾರಾಗಲು ಒದ್ದಾಡುತ್ತಿದ್ದಳು, ಅಷ್ಟೇ. ನನ್ನ ಅನುಮಾನ ಆ ಕ್ಷಣಕ್ಕೇ ಸತ್ತುಹೋಯಿತು. ಆದರೆ ಇನ್ನೊಂದು ಮಾತು ಅವಳ ಬಾಯಿಂದ ಬಂದರೆ, ಮುದುಕಿಯಾಗುವವರೆಗೂ ಈ ಮನೆಯಲ್ಲಿ ಅವಳು ತಾತನನ್ನು ತಳ್ಳಿದ ಹುಡುಗಿ. ಯಾವ ಡಾಕ್ಟರೂ ಅದನ್ನು ಒರೆಸಲಾರರು. ಅವಳೇ ಅದನ್ನು ನಂಬಿ ಬದುಕುತ್ತಾಳೆ.

"ನಾನೇ ತಳ್ಳಿದ್ದು" ಎಂದೆ.

ಎಲ್ಲರ ಮುಖವೂ ಒಟ್ಟಿಗೆ ನನ್ನತ್ತ ತಿರುಗಿತು.

"ಮಗು ಸದ್ದು ಕೇಳಿ ಆಮೇಲೆ ಬಂತು. ಅದಕ್ಕೇನೂ ಗೊತ್ತಿಲ್ಲ. ಜಗಳ ಆಡಿದ್ದು ನಾನು, ಹಿಂದೇನೇ ಮೆಟ್ಟಿಲು ಹತ್ತಿದ್ದು ನಾನು, ತಳ್ಳಿದ್ದು ನಾನು. ಸಾಕಾ?"

ಗಂಡ ಮಗಳ ಕೈ ಬಿಟ್ಟು ಎದ್ದು ನಿಂತ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನಾನು ಮೊದಲ ದಿನಾನೇ ಹೇಳಿದ್ದೆ" ಎಂದಳು ಅತ್ತಿಗೆ. ಮಾವ ಮಾತ್ರ ನನ್ನ ಕಡೆ ತಿರುಗಲಿಲ್ಲ, ಈಗಲೂ ಸೋಫಾದ ಮೂಲೆಯನ್ನೇ ನೋಡುತ್ತಿದ್ದರು. ಅದನ್ನು ಯಾರೂ ಗಮನಿಸಲಿಲ್ಲ. ಅವರಿಗೆಲ್ಲ ನೋಡಲು ನಾನಿದ್ದೆ.

ಒಂದು ಚೀಲಕ್ಕೆ ಸಿಕ್ಕಿದ ಬಟ್ಟೆ ತುರುಕಿಕೊಂಡೆ. ಯಾರೂ ನನ್ನ ಹಾದಿಗೆ ಅಡ್ಡ ಬರಲಿಲ್ಲ, ತಗುಲಿದರೆ ಮೈಲಿಗೆ ಎಂಬಂತೆ ಸರಿದು ನಿಂತರು. ಹೊಸ್ತಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುವಾಗ ಬಟಾಣಿ ಹಿಂದೆ ಬಂದು ನಿಂತಳು. ತಬ್ಬಿಕೊಳ್ಳಲೆಂದು ಬಗ್ಗಿದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ತಾತನ್ನ ಯಾಕಮ್ಮ ತಳ್ಳಿದೆ?" ಎಂದಳು.

ಅವಳ ಬೆನ್ನ ಹಿಂದೆ ಮೂವರೂ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಸಿಟ್ಟು ಬಂದಿತ್ತು ಪುಟ್ಟಿ" ಎಂದೆ.